ಡಾಟಾ ಕಳೆದುಕೊಳ್ಳದೆ ಹಾರ್ಡ್ ಡಿಸ್ಕನ್ನು ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವುದು ಹೇಗೆ?

ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಲು ಹೊರಟಾಗ ಹಲವರು ಒಂದೇ ಜಾಗದಲ್ಲಿ ಸಿಕ್ಕಿಬೀಳುತ್ತಾರೆ. ಈ ಡಿಸ್ಕಿನಲ್ಲಿ ಎಂಬಿಆರ್ ಪಾರ್ಟಿಷನ್ ಟೇಬಲ್ ಇದೆ, ಜಿಪಿಟಿ ಡಿಸ್ಕಿಗೆ ಮಾತ್ರ ವಿಂಡೋಸ್ ಹಾಕಬಹುದು ಎಂಬರ್ಥದ ಸಂದೇಶ ಪರದೆಯ ಮೇಲೆ ಬರುತ್ತದೆ. ಅದರ ಕೆಳಗೇ “ಡಿಲೀಟ್” ಮತ್ತು “ಫಾರ್ಮ್ಯಾಟ್” ಬಟನ್‌ಗಳೂ ಇರುತ್ತವೆ. ಅವಸರದಲ್ಲಿ ಅದನ್ನು ಒತ್ತಿದರೆ ವಿಂಡೋಸ್ ಏನೋ ಕೂರುತ್ತದೆ, ಆದರೆ ಹತ್ತು ವರ್ಷಗಳ ಫೋಟೊ, ಮದುವೆಯ ವಿಡಿಯೊ, ಪಾಸ್‌ಪೋರ್ಟ್-ವೀಸಾ ಸ್ಕ್ಯಾನ್, ಜಾಗದ ದಾಖಲೆ, ಅಂಗಡಿಯ ಲೆಕ್ಕ ಎಲ್ಲವೂ ಹೋಗುತ್ತದೆ.

“ಫಾರ್ಮ್ಯಾಟ್ ಮಾಡದೆ ಇದು ಆಗೋದಿಲ್ಲ” ಎಂಬ ಮಾತು ಈಗಲೂ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ವಿಂಡೋಸ್ ಇರುವ ಡಿಸ್ಕನ್ನು ಫೈಲುಗಳು ಇದ್ದ ಹಾಗೆಯೇ ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸುವ ಟೂಲನ್ನು ಮೈಕ್ರೋಸಾಫ್ಟ್ 2017ರಿಂದ ವಿಂಡೋಸ್ 10ರ ಒಳಗೇ ಕೊಟ್ಟಿದೆ. ದುಡ್ಡು ಕೊಡಬೇಕಾಗಿಲ್ಲ, ಬೇರೆ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಬೇಕಾಗಿಲ್ಲ. ಆದರೆ ಯಾವ ಡಿಸ್ಕಿಗೆ ಅದು ಹೊಂದುತ್ತದೆ, ಯಾವುದಕ್ಕೆ ಇಲ್ಲ, ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು.

ಎಂಬಿಆರ್ ಎಂದರೇನು, ಜಿಪಿಟಿ ಎಂದರೇನು?

ಹಾರ್ಡ್ ಡಿಸ್ಕನ್ನು ದಪ್ಪ ಪುಸ್ತಕ ಎಂದುಕೊಂಡರೆ ಪಾರ್ಟಿಷನ್ ಟೇಬಲ್ ಅದರ ಮೊದಲ ಪುಟದ ಪರಿವಿಡಿ. ಸಿ ಡ್ರೈವ್ ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ, ಡಿ ಡ್ರೈವ್ ಎಲ್ಲಿದೆ ಎಂಬುದಷ್ಟೇ ಅದರಲ್ಲಿ ಇರುತ್ತದೆ. ಫೋಟೊ, ವಿಡಿಯೊ, ಫೈಲುಗಳು ಇರುವುದು ಒಳಗಿನ ಪುಟಗಳಲ್ಲಿ.

ಎಂಬಿಆರ್ ಹಳೆಯ ಕಾಲದ ಪರಿವಿಡಿ. 1983ರಲ್ಲಿ ಐಬಿಎಂ ಪಿಸಿಯ ಡಾಸ್ 2.0 ಜೊತೆ ಬಂದದ್ದು. ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟ್‌ಗಳಲ್ಲೇ ಎಲ್ಲವೂ ಮುಗಿಯಬೇಕು. ಅದರಲ್ಲಿ ಪಾರ್ಟಿಷನ್ ಪಟ್ಟಿಗೆ ಸಿಗುವುದು 64 ಬೈಟ್ ಮಾತ್ರ. ಒಂದು ಪಾರ್ಟಿಷನ್‌ಗೆ 16 ಬೈಟ್‌ನಂತೆ ನಾಲ್ಕೇ ಪಾರ್ಟಿಷನ್. ಇದಕ್ಕಿಂತ ಹೆಚ್ಚು ಬೇಕಾದರೆ ಒಂದನ್ನು “ಎಕ್ಸ್‌ಟೆಂಡೆಡ್” ಮಾಡಿ ಅದರೊಳಗೆ “ಲಾಜಿಕಲ್” ಡ್ರೈವ್‌ಗಳನ್ನು ಮಾಡಬೇಕು. ಸಾಮಾನ್ಯ ಡಿಸ್ಕಿನಲ್ಲಿ ಸುಮಾರು 2 ಟಿಬಿ ದಾಟಿದ ಜಾಗವನ್ನು ಲೆಕ್ಕಕ್ಕೆ ಹಿಡಿಯಲು ಎಂಬಿಆರ್‌ಗೆ ಆಗುವುದಿಲ್ಲ. 4 ಟಿಬಿಯ ಹೊಸ ಡಿಸ್ಕನ್ನು ಎಂಬಿಆರ್ ಆಗಿ ಹಾಕಿದರೆ ಅರ್ಧ ಜಾಗ ಉಪಯೋಗಕ್ಕೆ ಬಾರದೆ ಉಳಿಯುವುದು ಇದೇ ಕಾರಣಕ್ಕೆ.

ಜಿಪಿಟಿ ಹೊಸ ಪರಿವಿಡಿ. ಇದು ಯುಇಎಫ್ಐ ಎಂಬ ವ್ಯವಸ್ಥೆಯ ಭಾಗ. ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಕೆಲಸ ಶುರು ಮಾಡುವ, ಹಿಂದೆ ಬಯಾಸ್ ಎನ್ನುತ್ತಿದ್ದ ತಂತ್ರಾಂಶದ ಹೊಸ ರೂಪವೇ ಯುಇಎಫ್ಐ. ಜಿಪಿಟಿಯಲ್ಲಿ ವಿಂಡೋಸ್ 128 ಪಾರ್ಟಿಷನ್‌ಗಳವರೆಗೆ ಮಾಡಬಲ್ಲದು. ಪ್ರೈಮರಿ, ಲಾಜಿಕಲ್ ಎಂಬ ಭೇದ ಇಲ್ಲ. 2 ಟಿಬಿಯ ಮಿತಿಯೂ ಇಲ್ಲ. ದೊಡ್ಡ ಲಾಭ ಬೇರೆಯೇ ಇದೆ. ಜಿಪಿಟಿ ತನ್ನ ಪರಿವಿಡಿಯ ಒಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲೂ ಇಟ್ಟುಕೊಳ್ಳುತ್ತದೆ. ಮೊದಲಿನದು ಕೆಟ್ಟರೆ ಕೊನೆಯದರಿಂದ ಸರಿಪಡಿಸಬಹುದು. ಎಂಬಿಆರ್‌ನಲ್ಲಿ ಇರುವುದು ಒಂದೇ ಪ್ರತಿ.

ಪರಿವರ್ತನೆಯಲ್ಲಿ ಬದಲಾಗುವುದು ಮುಖ್ಯವಾಗಿ ಈ ಪರಿವಿಡಿ ಮಾತ್ರ. ಒಳಗಿನ ಪುಟಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದಲೇ ಡಾಟಾ ಕಳೆಯದೆ ಈ ಕೆಲಸ ಸಾಧ್ಯ. ಆದರೆ ಪರಿವಿಡಿ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ, ಅಥವಾ ಡಿಸ್ಕೇ ಹಾಳಾಗಿದ್ದರೆ, ಪುಸ್ತಕ ಇದ್ದೂ ಪುಟ ಸಿಗದ ಸ್ಥಿತಿ ಆಗುತ್ತದೆ. ಹಾಗಾಗಿ “ಡಾಟಾ ಹೋಗೋದಿಲ್ಲ” ಎನ್ನುವುದು ಬ್ಯಾಕಪ್ ಬೇಡ ಎನ್ನಲು ಕಾರಣವಲ್ಲ.

ಈಗ ಯಾಕೆ ಇದು ಬೇಕಾಗಿದೆ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಯುಇಎಫ್ಐ, ಸೆಕ್ಯೂರ್ ಬೂಟ್ ಸೌಲಭ್ಯ ಮತ್ತು ಟಿಪಿಎಂ 2.0 ಬೇಕು. ಯುಇಎಫ್ಐ ವಿಧಾನದಲ್ಲಿ ವಿಂಡೋಸ್ ಬೂಟ್ ಆಗಲು ಡಿಸ್ಕ್ ಜಿಪಿಟಿ ಆಗಿರಬೇಕು. ಹಲವು ಕಂಪ್ಯೂಟರುಗಳಲ್ಲಿ ಮದರ್‌ಬೋರ್ಡಿಗೆ ಯುಇಎಫ್ಐ ಇದ್ದರೂ ವಿಂಡೋಸನ್ನು ಹಳೆಯ “ಲೆಗಸಿ” ವಿಧಾನದಲ್ಲೇ ಹಾಕಲಾಗಿದೆ. ಅಂಥವರಿಗೆ ಈ ಪರಿವರ್ತನೆ ಉಪಯುಕ್ತ.

ಒಂದು ಎಚ್ಚರಿಕೆ: ಜಿಪಿಟಿ ಮಾಡಿದ ಮಾತ್ರಕ್ಕೆ ವಿಂಡೋಸ್ 11 ಸಿಗುವುದಿಲ್ಲ. ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರಬೇಕು. ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ, ಎಎಂಡಿಯಲ್ಲಿ ರೈಝೆನ್ 2000 ಸರಣಿಯಿಂದ ಮೇಲಿನವು ಆ ಪಟ್ಟಿಯಲ್ಲಿವೆ. ಪ್ರೊಸೆಸರ್ ಅದಕ್ಕಿಂತ ಹಳೆಯದಾಗಿದ್ದು, ಡಿಸ್ಕ್ 2 ಟಿಬಿಯ ಒಳಗಿದ್ದರೆ, ಪರಿವರ್ತನೆಯ ಅಗತ್ಯವೇ ಇಲ್ಲದಿರಬಹುದು. ಬೇಡದ ಕೆಲಸಕ್ಕೆ ಡಾಟಾವನ್ನು ಅಪಾಯಕ್ಕೆ ಒಡ್ಡುವುದು ಬೇಡ.

ಮೊದಲು ನೋಡಬೇಕಾದದ್ದು

1. ಡಿಸ್ಕ್ ಯಾವ ವಿಧ: ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ “ಡಿಸ್ಕ್ ಮ್ಯಾನೇಜ್‌ಮೆಂಟ್” ತೆರೆಯಬೇಕು. ಕೆಳಗೆ ಎಡಬದಿಯಲ್ಲಿ “ಡಿಸ್ಕ್ 0” ಎಂದಿರುವ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ “ಪ್ರಾಪರ್ಟೀಸ್”, ಅಲ್ಲಿಂದ “ವಾಲ್ಯೂಮ್ಸ್”ಗೆ ಹೋದರೆ “ಪಾರ್ಟಿಷನ್ ಸ್ಟೈಲ್” ಎಂಬಲ್ಲಿ ಎಂಬಿಆರ್ ಅಥವಾ ಜಿಪಿಟಿ ಎಂದು ಬರೆದಿರುತ್ತದೆ. ಈಗಾಗಲೇ ಜಿಪಿಟಿ ಇದ್ದರೆ ಮುಂದಿನದ್ದೇನೂ ಬೇಡ.

2. ಬೂಟ್ ವಿಧಾನ: ಸ್ಟಾರ್ಟ್‌ನಲ್ಲಿ “ಸಿಸ್ಟಂ ಇನ್ಫರ್ಮೇಷನ್” ಎಂದು ಹುಡುಕಿ ತೆರೆದರೆ “ಬಯಾಸ್ ಮೋಡ್” ಎಂಬ ಸಾಲು ಇರುತ್ತದೆ. “ಲೆಗಸಿ” ಎಂದಿದ್ದರೆ ಬದಲಿಸಬೇಕಾಗುತ್ತದೆ. ಅದೇ ಪುಟದ “ಸಿಸ್ಟಂ ಟೈಪ್” ಸಾಲಿನಲ್ಲಿ 64 ಬಿಟ್ ಎಂದು ಇರಬೇಕು. 32 ಬಿಟ್ ವಿಂಡೋಸ್ ಇದ್ದರೆ ಸಾಮಾನ್ಯ ಯುಇಎಫ್ಐ ಕಂಪ್ಯೂಟರಿನಲ್ಲಿ ಪರಿವರ್ತನೆಯ ಬಳಿಕ ಅದು ಬೂಟ್ ಆಗುವುದಿಲ್ಲ.

3. ಮದರ್‌ಬೋರ್ಡಿಗೆ ಯುಇಎಫ್ಐ ಇದೆಯೇ: ಇದನ್ನು ಮರೆಯಲೇಬಾರದು. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಕೀ ಒತ್ತಿ ಬಯಾಸ್ ಸೆಟಪ್ ಒಳಗೆ ಹೋಗಿ “ಬೂಟ್” ವಿಭಾಗದಲ್ಲಿ ಯುಇಎಫ್ಐ ಎಂಬ ಆಯ್ಕೆ ಇದೆಯೇ ನೋಡಬೇಕು. ಈಗ ಏನನ್ನೂ ಬದಲಿಸುವುದು ಬೇಡ, ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು ಹೊರಬಂದರೆ ಸಾಕು. ಆ ಆಯ್ಕೆ ಇಲ್ಲದ ಹಳೆಯ ಬೋರ್ಡ್ ಆದರೆ ಇಲ್ಲಿಗೇ ನಿಲ್ಲಿಸಬೇಕು. ಮುಂದುವರಿದರೆ ವಿಂಡೋಸ್ ಶುರುವೇ ಆಗುವುದಿಲ್ಲ.

4. ಡಿಸ್ಕಿನ ಆರೋಗ್ಯ: ಟಕ್ ಟಕ್ ಶಬ್ದ ಮಾಡುವ, ಫೈಲ್ ತೆರೆಯಲು ಒದ್ದಾಡುವ, ಪದೇ ಪದೇ ಹ್ಯಾಂಗ್ ಆಗುವ ಡಿಸ್ಕನ್ನು ಪರಿವರ್ತನೆ ಮಾಡಬಾರದು. ಅದರಿಂದ ಮೊದಲು ಡಾಟಾ ಹೊರತೆಗೆಯಬೇಕು, ಬಳಿಕ ಡಿಸ್ಕನ್ನೇ ಬದಲಿಸಬೇಕು.

ಬ್ಯಾಕಪ್: ಇದನ್ನು ಬಿಟ್ಟು ಮುಂದೆ ಹೋಗಬಾರದು

“ಸಿ ಡ್ರೈವ್‌ನಲ್ಲಿ ಏನಾದ್ರೂ ಇದ್ಯಾ?” ಅಂತ ಕೇಳಿದರೆ ಹೆಚ್ಚಿನವರ ಉತ್ತರ “ಇಲ್ಲ” ಎಂದೇ. ಆದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಈ ನಾಲ್ಕೂ ಫೋಲ್ಡರುಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲೇ. ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರಿನ ಡಾಟಾ ಎಲ್ಲಿದೆ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಅಂಗಡಿಯ ಅಥವಾ ಜಮಾಅತ್ ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ದಿನಾ ಬಳಸುವವರನ್ನು ಕೇಳಿಯೇ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಬೇಕು. ಸಿ ಡ್ರೈವಿನದ್ದನ್ನು ಡಿ ಡ್ರೈವಿಗೆ ಹಾಕಿದರೆ ಅದು ಬ್ಯಾಕಪ್ ಅಲ್ಲ, ಎರಡೂ ಒಂದೇ ಡಿಸ್ಕಿನಲ್ಲಿವೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಲ್ಲದಿದ್ದರೆ ಮನೆಯವರದ್ದೋ ಗೆಳೆಯರದ್ದೋ ಎರಡು ದಿನಕ್ಕೆ ತಂದರೂ ಆಗುತ್ತದೆ. ತೀರಾ ಮುಖ್ಯವಾದ ದಾಖಲೆಗಳನ್ನು ಗೂಗಲ್ ಡ್ರೈವ್‌ನಲ್ಲೂ ಇಡಬಹುದು. ಅಲ್ಲಿ 15 ಜಿಬಿ ಉಚಿತ.

ಕಾಪಿ ಆದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ಕೆಲವು ಫೋಟೊ, ಒಂದೆರಡು ವಿಡಿಯೊ, ಲೆಕ್ಕದ ಫೈಲು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪನ್ನು ನಂಬುವಂತಿಲ್ಲ. ನೋಡಿದ ಬಳಿಕ ಆ ಎಕ್ಸ್‌ಟರ್ನಲ್ ಡಿಸ್ಕನ್ನು ಕಳಚಿ ದೂರ ಇಡಬೇಕು. ಪರಿವರ್ತನೆಯ ವೇಳೆ ಅದು ಕಂಪ್ಯೂಟರಿಗೆ ಸಿಕ್ಕಿಸಿರಬಾರದು.

ಬಿಟ್‌ಲಾಕರ್ ಹಾಕಿದ ಕಂಪ್ಯೂಟರ್ ಆದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರನ್ನು “ಸಸ್ಪೆಂಡ್” ಮಾಡಬೇಕು.

ಪರಿವರ್ತನೆಯ ಹಂತಗಳು

ಮಳೆಗಾಲದಲ್ಲಿ ಕರಾವಳಿಯಲ್ಲಿ ಕರೆಂಟಿನ ಭರವಸೆ ಇಲ್ಲ. ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ, ಲ್ಯಾಪ್‌ಟಾಪಿನ ಬ್ಯಾಟರಿ ತುಂಬಿರಲಿ ಮತ್ತು ಚಾರ್ಜರ್ ಸಿಕ್ಕಿಸಿರಲಿ. ಗುಡುಗು ಮಿಂಚು ಇರುವ ಸಂಜೆ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಮೈಕ್ರೋಸಾಫ್ಟ್‌ನ ಈ ಟೂಲಿನ ಹೆಸರು ಎಂಬಿಆರ್2ಜಿಪಿಟಿ. ವಿಂಡೋಸ್ 10ರ 1703 ಆವೃತ್ತಿಯಿಂದ ಮೇಲಿನ ಎಲ್ಲದರಲ್ಲೂ ಇದೆ. ವಿಂಡೋಸ್ 7 ಅಥವಾ 8 ಇರುವವರು ಮೊದಲು ವಿಂಡೋಸ್ 10ಕ್ಕೆ ಅಪ್‌ಗ್ರೇಡ್ ಮಾಡಿ ಬಳಿಕ ಇದನ್ನು ಬಳಸಬೇಕು. ಕೆಳಗೆ ಕನ್ನಡದಲ್ಲಿ ಬರೆದ ಕಮಾಂಡುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಓರೆಗೆರೆಯ ಮೊದಲು ಒಂದು ಸ್ಪೇಸ್ ಇರಲಿ. ಕೊನೆಯ ಪದದಲ್ಲಿ ಅಲೌ, ಫುಲ್, ಒಎಸ್ ಮೂರನ್ನೂ ಸ್ಪೇಸ್ ಬಿಡದೆ ಸೇರಿಸಿ ಬರೆಯಬೇಕು.

ಹಂತ 1: ಸ್ಟಾರ್ಟ್‌ನಲ್ಲಿ “ಸಿಎಂಡಿ” ಎಂದು ಹುಡುಕಿ, “ಕಮಾಂಡ್ ಪ್ರಾಂಪ್ಟ್” ಮೇಲೆ ರೈಟ್ ಕ್ಲಿಕ್ ಮಾಡಿ “ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್” ಆಯ್ಕೆ ಮಾಡಬೇಕು.

ಹಂತ 2: ಮೊದಲು ಪರೀಕ್ಷೆ ಮಾತ್ರ.
ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0 /ಅಲೌಫುಲ್‌ಒಎಸ್
ಈ ಕಮಾಂಡ್ ಡಿಸ್ಕಿನಲ್ಲಿ ಏನನ್ನೂ ಬದಲಿಸುವುದಿಲ್ಲ. ಪರಿವರ್ತನೆ ಸಾಧ್ಯವೇ ಎಂದು ನೋಡಿ ಹೇಳುತ್ತದೆ, ಅಷ್ಟೇ. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದರೆ ವಿಂಡೋಸ್ ಇರುವುದು 0ಯಲ್ಲೋ 1ರಲ್ಲೋ ಎಂದು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ನೋಡಿ ಸರಿಯಾದ ಸಂಖ್ಯೆ ಹಾಕಬೇಕು.

ಹಂತ 3: ಪರೀಕ್ಷೆ ಯಶಸ್ವಿ ಎಂಬ ಸಂದೇಶ ಬಂದರೆ ಮಾತ್ರ ಮುಂದಿನದು.
ಎಂಬಿಆರ್2ಜಿಪಿಟಿ /ಕನ್ವರ್ಟ್ /ಡಿಸ್ಕ್:0 /ಅಲೌಫುಲ್‌ಒಎಸ್
ಇದಕ್ಕೆ ಸಾಮಾನ್ಯವಾಗಿ ಕೆಲವೇ ನಿಮಿಷ ಸಾಕು. ಟೂಲ್ ಬೂಟಿಂಗ್‌ಗೆ ಬೇಕಾದ ಇಎಫ್ಐ ಪಾರ್ಟಿಷನ್ ಒಂದನ್ನು ಸಿದ್ಧಪಡಿಸುತ್ತದೆ. ಹಳೆಯ “ಸಿಸ್ಟಂ ರಿಸರ್ವ್ಡ್” ಪಾರ್ಟಿಷನ್ ಅದಕ್ಕೆ ಹೊಂದಿದರೆ ಅದನ್ನೇ ಬಳಸುತ್ತದೆ. ಇಲ್ಲದಿದ್ದರೆ ಸಿ ಡ್ರೈವನ್ನು ಸ್ವಲ್ಪ ಕಿರಿದು ಮಾಡಿ 100 ಎಂಬಿಯಷ್ಟು, ಕೆಲವು ಡಿಸ್ಕುಗಳಲ್ಲಿ 260 ಎಂಬಿಯಷ್ಟು ಜಾಗ ತೆಗೆದುಕೊಳ್ಳುತ್ತದೆ. ಈ ಹೊತ್ತಿನಲ್ಲಿ ವಿಂಡೋ ಮುಚ್ಚುವುದು, ಕಂಪ್ಯೂಟರ್ ಆಫ್ ಮಾಡುವುದು ಮಾಡಬಾರದು.

ಹಂತ 4: ಮುಗಿದ ಬಳಿಕ ರೀಸ್ಟಾರ್ಟ್ ಮಾಡಿ ಬಯಾಸ್ ಸೆಟಪ್ ಒಳಗೆ ಹೋಗಿ ಬೂಟ್ ಮೋಡನ್ನು “ಲೆಗಸಿ” ಅಥವಾ “ಸಿಎಸ್ಎಂ”ನಿಂದ “ಯುಇಎಫ್ಐ”ಗೆ ಬದಲಿಸಿ ಸೇವ್ ಮಾಡಬೇಕು. ಸೆಕ್ಯೂರ್ ಬೂಟನ್ನು ಅದೇ ಸಲ ಆನ್ ಮಾಡುವುದು ಬೇಡ. ವಿಂಡೋಸ್ ಸರಿಯಾಗಿ ಶುರುವಾದದ್ದು ಖಚಿತವಾದ ಮೇಲೆ ಇನ್ನೊಮ್ಮೆ ಹೋಗಿ ಆನ್ ಮಾಡಬಹುದು.

ಹಂತ 5: ವಿಂಡೋಸ್ ತೆರೆದ ಮೇಲೆ “ಸಿಸ್ಟಂ ಇನ್ಫರ್ಮೇಷನ್”ನಲ್ಲಿ ಬಯಾಸ್ ಮೋಡ್ “ಯುಇಎಫ್ಐ” ಆಗಿದೆಯೇ ನೋಡಬೇಕು. ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ಪುನಃ ಶುರು ಮಾಡಬೇಕು. ಕಮಾಂಡ್ ಪ್ರಾಂಪ್ಟಿನಲ್ಲಿ “ರೀಏಜೆಂಟ್‌ಸಿ /ಎನೇಬಲ್” ಕೊಟ್ಟರೆ ವಿಂಡೋಸ್‌ನ ರಿಕವರಿ ವ್ಯವಸ್ಥೆಯೂ ಸರಿಯಾಗಿ ಕೂರುತ್ತದೆ. ಇದರಲ್ಲಿ ರೀಏಜೆಂಟ್ ಎಂಬ ಇಂಗ್ಲಿಷ್ ಪದಕ್ಕೆ ಸಿ ಅಕ್ಷರವನ್ನು ಸೇರಿಸಿಯೇ ಬರೆಯಬೇಕು.

“ಬೂಟ್ ಆಗುತ್ತಿಲ್ಲ” ಎಂದಾಗ ಗಾಬರಿ ಬೇಡ

ಪರಿವರ್ತನೆಯ ನಂತರ ಕಪ್ಪು ಪರದೆಯಲ್ಲಿ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ಸಂದೇಶ ಬಂದ ಕೂಡಲೇ “ಎಲ್ಲ ಹೋಯ್ತು” ಎಂದು ಕೆಲವರು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಹೆಚ್ಚಿನ ಸಲ ಕಾರಣ ಹಂತ 4 ಬಿಟ್ಟುಹೋಗಿರುವುದು ಮಾತ್ರ. ಡಿಸ್ಕ್ ಜಿಪಿಟಿ ಆಗಿದೆ, ಬಯಾಸ್ ಇನ್ನೂ ಲೆಗಸಿಯಲ್ಲೇ ಹುಡುಕುತ್ತಿದೆ. ಮೋಡ್ ಬದಲಿಸಿದರೆ ವಿಂಡೋಸ್ ಎದ್ದು ನಿಲ್ಲುತ್ತದೆ. ಪರಿವರ್ತನೆ ಒಮ್ಮೆ ಆದ ಮೇಲೆ ಈ ಟೂಲಿನಿಂದ ಹಿಂದಿರುಗಿ ಎಂಬಿಆರ್ ಮಾಡಲಾಗುವುದಿಲ್ಲ ಎಂಬುದೂ ನೆನಪಿರಲಿ.

ಪರೀಕ್ಷೆಯಲ್ಲೇ ಫೇಲ್ ಆದರೆ?

ನಮ್ಮ ಕಡೆಯ ಡೆಸ್ಕ್‌ಟಾಪುಗಳಲ್ಲಿ ಕಾಣುವ ಸಾಮಾನ್ಯ ಕಾರಣ ಡ್ರೈವ್‌ಗಳ ಸಂಖ್ಯೆ. ಕಂಪ್ಯೂಟರ್ ಜೋಡಿಸಿ ಕೊಡುವಾಗಲೇ ಸಿ, ಡಿ, ಇ, ಎಫ್ ಎಂದು ನಾಲ್ಕು ಡ್ರೈವ್ ಮಾಡಿಕೊಡುವ ರೂಢಿ ಇದೆ. ಎಂಬಿಆರ್2ಜಿಪಿಟಿ ಒಪ್ಪುವುದು ಹೆಚ್ಚೆಂದರೆ ಮೂರು ಪ್ರೈಮರಿ ಪಾರ್ಟಿಷನ್. ಎಕ್ಸ್‌ಟೆಂಡೆಡ್ ಅಥವಾ ಲಾಜಿಕಲ್ ಒಂದೂ ಇರಬಾರದು. ಕಣ್ಣಿಗೆ ಕಾಣದ “ಸಿಸ್ಟಂ ರಿಸರ್ವ್ಡ್” ಕೂಡ ಆ ಮೂರರ ಲೆಕ್ಕಕ್ಕೆ ಸೇರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಸಿರು ಗೆರೆಯ ಚೌಕದೊಳಗೆ ತಿಳಿ ನೀಲಿ ಬಣ್ಣದಲ್ಲಿ ಕಾಣುವವು ಲಾಜಿಕಲ್ ಡ್ರೈವ್‌ಗಳು, ಗಾಢ ನೀಲಿಯವು ಪ್ರೈಮರಿ.

ಇದಕ್ಕೆ ಪರಿಹಾರ ಇದೆ. ಲಾಜಿಕಲ್ ಡ್ರೈವ್‌ಗಳಲ್ಲಿರುವುದನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ತೆರೆದು ಪರೀಕ್ಷಿಸಿ, ಆಮೇಲೆ ಆ ಲಾಜಿಕಲ್ ಡ್ರೈವ್‌ಗಳನ್ನೂ ಉಳಿಯುವ ಎಕ್ಸ್‌ಟೆಂಡೆಡ್ ಜಾಗವನ್ನೂ ಡಿಲೀಟ್ ಮಾಡಬೇಕು. ಪರಿವರ್ತನೆ ಮುಗಿದ ಮೇಲೆ ಖಾಲಿ ಜಾಗದಲ್ಲಿ ಹೊಸ ಡ್ರೈವ್ ಮಾಡಿ ಫೈಲುಗಳನ್ನು ಹಿಂದಕ್ಕೆ ಹಾಕಬಹುದು. ಇಲ್ಲಿ ಡಾಟಾ ಉಳಿಯುವುದು ಟೂಲಿನಿಂದಲ್ಲ, ಆ ಕಾಪಿಯಿಂದ. ಆದ್ದರಿಂದ ಡಿಲೀಟ್ ಒತ್ತುವ ಮೊದಲು ಇನ್ನೊಂದು ಪ್ರತಿಯೂ ಇರುವುದು ಒಳ್ಳೆಯದು.

ಇನ್ನೊಂದು ತಪ್ಪು: ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಾಣುವ “ಕನ್ವರ್ಟ್ ಟು ಡೈನಾಮಿಕ್ ಡಿಸ್ಕ್” ಒತ್ತುವುದು. ಅದು ಜಿಪಿಟಿಗೂ ಇದಕ್ಕೂ ಸಂಬಂಧವಿಲ್ಲದ ಬೇರೆ ವ್ಯವಸ್ಥೆ. ಡೈನಾಮಿಕ್ ಆದ ಡಿಸ್ಕನ್ನು ವಿಂಡೋಸ್‌ನಲ್ಲೇ ಹಿಂದಿನಂತೆ ಮಾಡಲು ವಾಲ್ಯೂಮ್‌ಗಳನ್ನು ಅಳಿಸಬೇಕಾಗುತ್ತದೆ.

ಪರೀಕ್ಷೆ ಫೇಲ್ ಆದ ಕಾರಣ ತಿಳಿಯಬೇಕಾದರೆ ವಿಂಡೋಸ್ ಫೋಲ್ಡರಿನೊಳಗಿನ “ಸೆಟಪ್‌ಆ್ಯಕ್ಟ್” ಮತ್ತು “ಸೆಟಪ್‌ಎರ್ರ್” ಎಂಬ ಲಾಗ್ ಫೈಲುಗಳಲ್ಲಿ ವಿವರ ಇರುತ್ತದೆ.

ವಿಂಡೋಸ್ ಇಲ್ಲದ, ಬರೀ ಡಾಟಾ ಇರುವ ಡಿಸ್ಕ್

ಎಂಬಿಆರ್2ಜಿಪಿಟಿ ವಿಂಡೋಸ್ ಇರುವ ಡಿಸ್ಕಿಗೆ ಮಾತ್ರ. ಫೋಟೊ, ವಿಡಿಯೊ ತುಂಬಿದ ಎರಡನೇ ಡಿಸ್ಕಿಗೆ ಅದು ನಡೆಯುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನ “ಕನ್ವರ್ಟ್ ಟು ಜಿಪಿಟಿ” ಆಯ್ಕೆ ಡಿಸ್ಕ್ ಖಾಲಿಯಾದರೆ ಮಾತ್ರ ಕೆಲಸ ಮಾಡುತ್ತದೆ. “ಡಿಸ್ಕ್‌ಪಾರ್ಟ್”ನಲ್ಲಿ “ಕ್ಲೀನ್” ಎಂಬ ಕಮಾಂಡ್ ಕೊಡಿ ಎಂಬ ಸಲಹೆ ಬಹಳ ಕಡೆ ಸಿಗುತ್ತದೆ. ಅದು ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನು ಒಂದೇ ಏಟಿಗೆ ತೆಗೆದುಹಾಕುತ್ತದೆ, “ನಿಜವಾಗಿಯೂ ಮಾಡಲೇ?” ಎಂದು ಕೇಳುವುದೂ ಇಲ್ಲ. ಡಿಸ್ಕ್ ಸಂಖ್ಯೆ ಒಂದು ತಪ್ಪಿದರೆ ಬೇರೆ ಡಿಸ್ಕೇ ಖಾಲಿ.

ಡಾಟಾ ಡಿಸ್ಕಿಗೆ ಸುರಕ್ಷಿತ ದಾರಿ ಎಂದರೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಖಾಲಿ ಮಾಡಿ, ಜಿಪಿಟಿ ಮಾಡಿ, ಹಿಂದಕ್ಕೆ ಹಾಕುವುದು. ಲಿನಕ್ಸ್ ಬಲ್ಲವರಿಗೆ “ಜಿಡಿಸ್ಕ್” ಎಂಬ ಉಚಿತ ಟೂಲ್ ಇದೆ. ಅದು ಡಾಟಾ ಇದ್ದಂತೆಯೇ ಟೇಬಲನ್ನು ಬದಲಿಸಬಲ್ಲದು. ಅಲ್ಲೂ ಬ್ಯಾಕಪ್ ಬೇಕೇ ಬೇಕು. ಇದಕ್ಕಾಗಿ ಕ್ರ್ಯಾಕ್ ಮಾಡಿದ ಪಾರ್ಟಿಷನ್ ಸಾಫ್ಟ್‌ವೇರ್ ಹಾಕುವುದು ಬೇಡ. ವೈರಸ್ ಬರುವ ದಾರಿಗಳಲ್ಲಿ ಅದೂ ಒಂದು.

ಫ್ಯಾಟ್32ರಿಂದ ಎನ್‌ಟಿಎಫ್‌ಎಸ್‌ಗೆ

ಇದು ಬೇರೆ ವಿಷಯವಾದರೂ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಎಂಬಿಆರ್-ಜಿಪಿಟಿ ಇಡೀ ಡಿಸ್ಕಿಗೆ ಸಂಬಂಧಿಸಿದ್ದು. ಫ್ಯಾಟ್32, ಎನ್‌ಟಿಎಫ್‌ಎಸ್ ಒಂದೊಂದು ಡ್ರೈವಿನ ಒಳಗಿನ ಫೈಲ್ ವ್ಯವಸ್ಥೆ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಮದುವೆಯ ದೊಡ್ಡ ವಿಡಿಯೊ ಫೈಲನ್ನು ಪೆನ್‌ಡ್ರೈವಿಗೆ ಹಾಕಲು ಹೋದಾಗ, ಜಾಗ ಇದ್ದರೂ ಕಾಪಿ ಆಗದಿರುವುದು ಇದರಿಂದಲೇ.

ಡ್ರೈವ್ ಅಕ್ಷರ ಡಿ ಆಗಿದ್ದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ “ಕನ್ವರ್ಟ್ ಡಿ: /ಎಫ್‌ಎಸ್:ಎನ್‌ಟಿಎಫ್‌ಎಸ್” ಎಂದು ಕೊಟ್ಟರೆ ಫೈಲುಗಳು ಇದ್ದಂತೆಯೇ ಎನ್‌ಟಿಎಫ್‌ಎಸ್ ಆಗುತ್ತದೆ. ಡ್ರೈವಿನ ಹೆಸರು ಕೇಳಿದರೆ ಈಗಿರುವ ಹೆಸರನ್ನೇ ಟೈಪ್ ಮಾಡಬೇಕು. ಡ್ರೈವಿನಲ್ಲಿ ಸ್ವಲ್ಪ ಖಾಲಿ ಜಾಗ ಬೇಕು. ಹಿಂದಿರುಗಿ ಫ್ಯಾಟ್32 ಮಾಡಬೇಕಾದರೆ ಫಾರ್ಮ್ಯಾಟೇ ಗತಿ. ಕಾರಿನ ಸ್ಟೀರಿಯೊಗೋ ಹಳೆಯ ಟಿವಿಗೋ ಹಾಕುವ ಪೆನ್‌ಡ್ರೈವ್ ಆದರೆ ಬದಲಿಸದಿರುವುದೇ ಮೇಲು, ಕೆಲವು ಸೆಟ್‌ಗಳು ಎನ್‌ಟಿಎಫ್‌ಎಸ್ ಓದುವುದಿಲ್ಲ.

ಡಾಟಾ ಹೋಗಿಯೇ ಬಿಟ್ಟರೆ?

ತಕ್ಷಣ ಆ ಡಿಸ್ಕಿನ ಬಳಕೆ ನಿಲ್ಲಿಸಬೇಕು. ಅದರ ಮೇಲೆ ಹೊಸ ವಿಂಡೋಸ್ ಹಾಕುವುದು, ಹೊಸ ಫೈಲ್ ಕಾಪಿ ಮಾಡುವುದು, ರಿಕವರಿ ಸಾಫ್ಟ್‌ವೇರನ್ನೇ ಅದರಲ್ಲಿ ಇನ್‌ಸ್ಟಾಲ್ ಮಾಡುವುದು ಯಾವುದೂ ಕೂಡದು. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಾಗ “ಇನಿಶಿಯಲೈಝ್” ಅಥವಾ “ಫಾರ್ಮ್ಯಾಟ್ ಮಾಡಲೇ?” ಎಂದು ಕೇಳಿದರೆ “ಕ್ಯಾನ್ಸಲ್” ಒತ್ತಬೇಕು. ಕಳೆದುಹೋದ ಪಾರ್ಟಿಷನ್ ಹುಡುಕಲು “ಟೆಸ್ಟ್‌ಡಿಸ್ಕ್” ಎಂಬ ಉಚಿತ ಟೂಲ್ ಇದೆ. ಸಿಕ್ಕಿದ ಫೈಲುಗಳನ್ನು ಬೇರೆ ಡಿಸ್ಕಿಗೇ ಕಾಪಿ ಮಾಡಬೇಕು. ಎಸ್‌ಎಸ್‌ಡಿ ಆದರೆ ಆಸೆ ಕಡಿಮೆ. ಫೈಲ್ ಅಳಿಸಿದ ಅಥವಾ ಫಾರ್ಮ್ಯಾಟ್ ಮಾಡಿದ ಜಾಗವನ್ನು “ಟ್ರಿಮ್” ಎಂಬ ವ್ಯವಸ್ಥೆಯ ಮೂಲಕ ಅದು ತಾನೇ ಒರೆಸಿಬಿಡುತ್ತದೆ.

ಅಂಗಡಿಗೆ ಕೊಡುವ ಮೊದಲು

ಈ ಕೆಲಸ ಸ್ವಂತ ಮಾಡಲು ಧೈರ್ಯ ಸಾಲದಿದ್ದರೆ ಅಂಗಡಿಗೆ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಬರೀ “ವಿಂಡೋಸ್ ಹಾಕಿ ಕೊಡಿ” ಎಂದರೆ ಫಾರ್ಮ್ಯಾಟ್ ಮಾಡಿ ಎಂದೇ ಅರ್ಥವಾಗುತ್ತದೆ. “ಫಾರ್ಮ್ಯಾಟ್ ಮಾಡುವುದು ಬೇಡ, ಎಂಬಿಆರ್2ಜಿಪಿಟಿ ಬಳಸಿ ಪರಿವರ್ತನೆ ಮಾಡಿ, ಆಗದಿದ್ದರೆ ಮೊದಲು ಫೋನ್ ಮಾಡಿ” ಎಂದು ಸ್ಪಷ್ಟವಾಗಿ ಹೇಳಿ, ಅದನ್ನೇ ಚೀಟಿಯಲ್ಲೂ ಬರೆಸಬೇಕು. ಮನೆಯ ಖಾಸಗಿ ಫೋಟೊಗಳಿದ್ದರೆ ಬ್ಯಾಕಪ್ ತೆಗೆದ ಮೇಲೆ ಅವುಗಳನ್ನು ಆ ಕಂಪ್ಯೂಟರಿನಿಂದ ತೆಗೆದಿಟ್ಟೇ ಕೊಡುವುದು ಕ್ಷೇಮ.

ಗಲ್ಫ್‌ನಲ್ಲಿರುವವರು ವರ್ಷಗಟ್ಟಲೆ ಕಳಿಸಿದ ಫೋಟೊಗಳು, ಈಗ ನಮ್ಮೊಂದಿಗಿಲ್ಲದ ಹಿರಿಯರ ಧ್ವನಿ ಇರುವ ವಿಡಿಯೊಗಳು ಎಷ್ಟೋ ಮನೆಗಳಲ್ಲಿ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ವಿಂಡೋಸ್ ಕೆಟ್ಟರೆ ಪುನಃ ಹಾಕಬಹುದು, ಡಿಸ್ಕ್ ಕೆಟ್ಟರೆ ಹೊಸದು ಕೊಳ್ಳಬಹುದು. ಆ ಧ್ವನಿಯನ್ನು ಕೊಳ್ಳಲು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪರಿವರ್ತನೆ ಮಾಡುವ ಯೋಚನೆ ಇರಲಿ, ಇಲ್ಲದಿರಲಿ, ಆ ಡಿಸ್ಕಿನ ಇನ್ನೊಂದು ಪ್ರತಿ ಈ ವಾರವೇ ಆಗಲಿ.